ಉಗ್ರಾಣವಿಲ್ಲದ ಕ್ಯಾಮೆರಾ

ಮನೆಯ ಮದುವೆಯನ್ನು ಮನೆಯವರೇ ವಿಡಿಯೋ ಮಾಡುವಾಗ ಆಗುವ ಅವಘಡಗಳು ಲೆಕ್ಕವಿಲ್ಲದಷ್ಟೇನೂ ಇಲ್ಲ. ಬ್ಯಾಟರಿ ಮುಗಿಯುತ್ತದೆ, ಕಾರ್ಡ್ ತುಂಬುತ್ತದೆ, ರೆಕಾರ್ಡಿಂಗ್ ಗುಂಡಿ ಒತ್ತಿದ್ದೇವೆಂದುಕೊಂಡದ್ದು ಒತ್ತಿರುವುದಿಲ್ಲ, ಕರೆಂಟು ಹೋಗಿ ಫೈಲು ಅರ್ಧಕ್ಕೆ ನಿಲ್ಲುತ್ತದೆ, ವಾಲಗದ ಅಬ್ಬರಕ್ಕೆ ಧ್ವನಿ ಒಡೆಯುತ್ತದೆ, ತಾಳಿ ಕಟ್ಟುವ ಹೊತ್ತಿಗೆ ಯಾರದೋ ಬೆನ್ನು ಅಡ್ಡ ಬರುತ್ತದೆ, ಮದುವೆ ಮುಗಿದ ಮೇಲೆ ತೆಗೆದದ್ದೇ ಅಳಿಸಿಹೋಗುತ್ತದೆ. ಹೆಚ್ಚುಕಡಿಮೆ ಇಷ್ಟೆ. ಇವುಗಳಲ್ಲಿ ಒಂದೂ ದೈವಾಧೀನವಲ್ಲ. ಪ್ರತಿಯೊಂದರ ಕಾರಣವೂ ಗೊತ್ತಿದೆ, ಪರಿಹಾರವೂ ಗೊತ್ತಿದೆ, ಖರ್ಚು ಹೋಳಿಗೆ ಊಟದ ಮುಂದೆ ಏನೂ ಅಲ್ಲ. ಆದರೂ ಮದುವೆಯಾದ ವಾರದೊಳಗೆ "ಎಲ್ಲಾ ಬಂದಿದೆ, ಧಾರೆಯದ್ದೇ ಬಂದಿಲ್ಲ" ಎಂಬ ಸಂಕಟದ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಇದಕ್ಕೆ ಯಂತ್ರಕ್ಕಿಂತ ದೊಡ್ಡ ಕಾರಣ, ಊರೆಲ್ಲ ಒಪ್ಪಿಕೊಂಡಿರುವ ಒಂದು ಧೋರಣೆ. ಶುಭಕಾರ್ಯದಲ್ಲಿ ಕೆಟ್ಟದ್ದನ್ನು ಯೋಚಿಸಬಾರದು, ಈಗಿನ ಫೋನುಗಳು ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತವೆ, ಒಬ್ಬರದ್ದು ತಪ್ಪಿದರೆ ಇನ್ನೊಬ್ಬರ ಫೋನಿನಲ್ಲಿ ಇದ್ದೇ ಇರುತ್ತದೆ, ಅಷ್ಟಕ್ಕೂ ತೆಗೆಯುವವರು ಮನೆಯವರು, ದುಡ್ಡು ತೆಗೆದುಕೊಂಡವರಲ್ಲ ಎಂಬುದು ಆ ಧೋರಣೆ. ಇದು ಬುಡದಿಂದ ತುದಿಯವರೆಗೆ ತಪ್ಪು.

ಅಪಶಕುನದ ಮಾತು ಹಿರಿಯರ ಬಾಯಿಂದ ಬರುವುದರಿಂದ ಅದಕ್ಕೆ ತೂಕ ಹೆಚ್ಚು. "ಒಳ್ಳೆ ಕೆಲಸಕ್ಕೆ ಹೊರಟಾಗ ಇಲ್ಲದ್ದು ನುಡಿಯಬೇಡ" ಎಂದು ಗದರಿದರೆ, ಎರಡನೆಯ ಬ್ಯಾಟರಿಯ ಮಾತೆತ್ತಿದ ಹುಡುಗ ಬಾಯಿ ಮುಚ್ಚಿಕೊಳ್ಳುತ್ತಾನೆ. ಆದರೆ ಮದುವೆಯೆಂಬ ಕಾರ್ಯವನ್ನು ಅದೇ ಹಿರಿಯರು ಕಟ್ಟಿರುವ ಬಗೆಯೇ ಈ ಮಾತನ್ನು ಒಪ್ಪುವುದಿಲ್ಲ. ಎಲ್ಲಕ್ಕಿಂತ ಮೊದಲು ವಿಘ್ನೇಶ್ವರನ ಪೂಜೆ; ವಿಘ್ನ ಬರಬಹುದೆಂದು ಒಪ್ಪಿಕೊಂಡೇ ಕಾರ್ಯ ಶುರುವಾಗುತ್ತದೆ. ಹೋಮದ ಕೊನೆಗೆ, ತಿಳಿದೋ ತಿಳಿಯದೆಯೋ ಆಗಿರಬಹುದಾದ ಲೋಪಕ್ಕೆಂದು ಪ್ರಾಯಶ್ಚಿತ್ತದ ಆಹುತಿ ಬೀಳುತ್ತದೆ. ಐನೂರು ಎಲೆ ಎಂದು ಹೇಳಿದರೆ ಯಾವ ಅಡಿಗೆಯವರೂ ಸರಿಯಾಗಿ ಐನೂರಕ್ಕೇ ಅಕ್ಕಿ ಅಳೆಯುವುದಿಲ್ಲ. ಮೇ ಕೊನೆಯ ಮದುವೆಯಾದರೆ ಮಲೆನಾಡಿನಲ್ಲಿ ಚಪ್ಪರದ ಮೇಲೆ ಟಾರ್ಪಾಲು ಹೊದೆಸದೆ ಯಾರೂ ಮಲಗುವುದಿಲ್ಲ. ಇನ್ನು ಉಗ್ರಾಣ. ಅದರ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಡಿಮೆ ಬಿದ್ದದ್ದನ್ನು ಕೇಳಿದ ಗಳಿಗೆಗೆ ತೆಗೆದುಕೊಡುವ ಹಿರಿಯರೊಬ್ಬರು ಇಲ್ಲದ ಮದುವೆಮನೆ ಉಂಟೆ? ಹೆಚ್ಚಿನ ಅರಿಸಿನದ ದಾರ, ಹೆಚ್ಚಿನ ತೆಂಗಿನಕಾಯಿ, ಹೆಚ್ಚಿನ ಬಾಳೆಲೆ, ಹೆಚ್ಚಿನ ಬೆಂಕಿಪೊಟ್ಟಣ ಎಲ್ಲವೂ ಅಲ್ಲಿರುತ್ತವೆ. ಇವನ್ನು ಯಾರೂ ಅಪಶಕುನ ಎನ್ನುವುದಿಲ್ಲ, ಜವಾಬ್ದಾರಿ ಎನ್ನುತ್ತಾರೆ. ಕ್ಯಾಮೆರಾ ಒಂದು ಮಾತ್ರ ಉಗ್ರಾಣವಿಲ್ಲದೆ ಮದುವೆಮನೆಗೆ ಬರುತ್ತಿದೆ.

ಹಿಂದೆ ಹೀಗಿರಲಿಲ್ಲ. ಕೊಡಾಕ್ ಕಂಪನಿ 1965ರಲ್ಲಿ ಹೊರತಂದ ಸೂಪರ್ 8 ಫಿಲ್ಮಿನ ಒಂದು ಕಾರ್ಟ್ರಿಜ್‌ನಲ್ಲಿ 50 ಅಡಿ ರೀಲು. ಸೆಕೆಂಡಿಗೆ 18 ಚೌಕಟ್ಟಿನ ವೇಗದಲ್ಲಿ ಅದು ಓಡುತ್ತಿದ್ದದ್ದು 3 ನಿಮಿಷ 20 ಸೆಕೆಂಡು. ಅಷ್ಟರಲ್ಲಿ ಮದುವೆ ಹಿಡಿಯಬೇಕಾದ ಹವ್ಯಾಸಿ, ಯಾವುದು ಯಾವಾಗ ಬರುತ್ತದೆಂದು ಪುರೋಹಿತರನ್ನು ಕೇಳಿ ತಿಳಿದುಕೊಳ್ಳದೆ ಗುಂಡಿ ಮುಟ್ಟುವಂತಿರಲಿಲ್ಲ. ಕಡಿಮೆ ಇದ್ದುದರಿಂದಲೇ ಎಚ್ಚರವಿತ್ತು. ಈಗ ಗಂಟೆಗಟ್ಟಲೆ ತೆಗೆಯಬಹುದೆಂಬ ಧೈರ್ಯ ಬಂದಿದೆ, ಆ ಎಚ್ಚರ ಹೋಗಿದೆ. ಮುಹೂರ್ತ ಮಾತ್ರ ಆಗ ಎಷ್ಟು ಬಿಗಿಯೋ ಈಗಲೂ ಅಷ್ಟೇ ಬಿಗಿ. ಅಂತರಪಟ ಸರಿಯುವುದು ಒಂದೇ ಸಲ. ಆರತಕ್ಷತೆಯಲ್ಲಿ "ಇನ್ನೊಂದ್ಸಲ ಹಾರ ಹಾಕಿ" ಎಂದು ಕೇಳಬಹುದು. ಮಾಂಗಲ್ಯಕ್ಕೆ ಹಾಗೆ ಕೇಳುವ ನಾಲಿಗೆ ಯಾರಿಗೂ ಇಲ್ಲ, ಇರಲೂ ಬಾರದು.

ಫೋನು ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಲೆಕ್ಕದ ಮುಂದೆ ನಿಲ್ಲುವುದಿಲ್ಲ. 4ಕೆ ಗುಣಮಟ್ಟದಲ್ಲಿ, ಸೆಕೆಂಡಿಗೆ 30 ಚೌಕಟ್ಟಿನಂತೆ ತೆಗೆದರೆ ನಿಮಿಷಕ್ಕೆ ಸುಮಾರು 170 ಎಂಬಿ ಬೇಕು ಎಂದು ಐಫೋನಿನ ಸೆಟ್ಟಿಂಗ್ಸ್ ಪುಟದಲ್ಲೇ ಬರೆದಿದೆ. ಅಂದರೆ ಗಂಟೆಗೆ 10 ಜಿಬಿ. ಕಾಶಿಯಾತ್ರೆಯಿಂದ ಸಪ್ತಪದಿಯವರೆಗೆ ನಾಲ್ಕು ಗಂಟೆ ಎಂದಿಟ್ಟುಕೊಂಡರೂ 40 ಜಿಬಿ. ಹಳೆಯ ಫೋಟೋ, ಬೆಳಗಿನ ಶುಭೋದಯದ ಚಿತ್ರ, ಗ್ರೂಪುಗಳ ವಿಡಿಯೋ ತುಂಬಿಕೊಂಡ ಫೋನಿನಲ್ಲಿ ಅಷ್ಟು ಜಾಗ ಎಲ್ಲಿದೆ? ಮಿರರ್‌ಲೆಸ್ ಕ್ಯಾಮೆರಾ ತಂದವರ ಲೆಕ್ಕ ಇನ್ನೂ ದೊಡ್ಡದು. ಸೆಕೆಂಡಿಗೆ 100 ಮೆಗಾಬಿಟ್ ಬರೆಯುವ ಕ್ಯಾಮೆರಾ ಗಂಟೆಗೆ 45 ಜಿಬಿ ನುಂಗುತ್ತದೆ. 64 ಜಿಬಿ ಕಾರ್ಡು ಒಂದೂವರೆ ಗಂಟೆಯೂ ಬಾಳದು. ಆ 100 ಮೆಗಾಬಿಟ್ ಎಂದರೆ ಸೆಕೆಂಡಿಗೆ 12.5 ಎಂಬಿ. 'ಕ್ಲಾಸ್ 10' ಎಂದು ಬರೆದ ಕಾರ್ಡು ಖಾತ್ರಿ ಕೊಡುವುದು ಸೆಕೆಂಡಿಗೆ 10 ಎಂಬಿ ಮಾತ್ರ. ಅಂಥ ಕಾರ್ಡು ಹತ್ತು ನಿಮಿಷ ಸರಿಯಾಗಿ ಓಡಿ, ಹನ್ನೊಂದನೆಯ ನಿಮಿಷಕ್ಕೆ ರೆಕಾರ್ಡಿಂಗ್ ನಿಲ್ಲಿಸಿದರೆ ಅದು ಕಾರ್ಡಿನ ಮೋಸವಲ್ಲ, ಕೊಂಡವರು ಓದದ್ದು. ವಿ30 ಎಂಬ ಗುರುತಿದ್ದರೆ 30 ಎಂಬಿಯ ಖಾತ್ರಿ. ಮೋಸದ ಕಾರ್ಡುಗಳು ಬೇರೆಯೇ ಇವೆ: 128 ಜಿಬಿ ಎಂದು ತೋರಿಸಿ, ಒಳಗೆ ಅದರ ಕಾಲುಭಾಗವೂ ಇಲ್ಲದೆ, ತುಂಬಿದ ಮೇಲೆ ಬರೆದದ್ದನ್ನೆಲ್ಲ ಕೆಡಿಸುವಂಥವು. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿಸಿ ಓದಿ ನೋಡಿ ಇದನ್ನು ಹಿಡಿದುಕೊಡುತ್ತವೆ. ಒಂದು ರಾತ್ರಿ ಓಡಲು ಬಿಟ್ಟರೆ ಸಾಕು.

ಹಳೆಯ ಸ್ಟಿಲ್ ಕ್ಯಾಮೆರಾಗಳಲ್ಲಿ ಇನ್ನೊಂದು ಬಲೆ ಇದೆ. ಅವು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಂತುಬಿಡುತ್ತವೆ. ಅರ್ಧ ಗಂಟೆ ಮೀರಿ ಒಂದೇ ಸಮನೆ ರೆಕಾರ್ಡ್ ಮಾಡುವ ಉಪಕರಣವನ್ನು ವಿಡಿಯೋ ಕ್ಯಾಮೆರಾ ಎಂದು ಎಣಿಸಿ ಯುರೋಪಿನಲ್ಲಿ ಸುಂಕ ಹಾಕುತ್ತಿದ್ದುದರಿಂದ ತಯಾರಕರು ಈ ಮಿತಿ ಇಟ್ಟರು. ಎಲ್ಲೋ ದೂರದ ಸುಂಕದ ನಿಯಮ ಶಿವಮೊಗ್ಗದ ಛತ್ರವೊಂದರಲ್ಲಿ ಧಾರೆಯ ನಡುವೆ ಕ್ಯಾಮೆರಾ ನಿಲ್ಲಿಸುತ್ತದೆ, ಸ್ಟ್ಯಾಂಡಿಗೆ ಕಟ್ಟಿ ಆಚೆ ಹೋದವರಿಗೆ ಅದು ಗೊತ್ತೂ ಆಗುವುದಿಲ್ಲ. ಮಂತ್ರಗಳ ನಡುವಿನ ಬಿಡುವಿನಲ್ಲಿ, ಇಪ್ಪತ್ತು ನಿಮಿಷಕ್ಕೊಮ್ಮೆ, ಬೇಕೆಂದೇ ನಿಲ್ಲಿಸಿ ಮತ್ತೆ ಶುರುಮಾಡುವುದು ಇದಕ್ಕೆ ಮದ್ದು. ಬಿಸಿಯ ತೊಂದರೆಯೂ ಕಲ್ಪನೆಯಲ್ಲ. ಐಫೋನನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ಆಪಲ್ ಹೇಳುತ್ತದೆ. ಮೇ ತಿಂಗಳಲ್ಲಿ, ಮದುವೆಗಳ ಸುಗ್ಗಿಯಲ್ಲಿ, ಕಲಬುರಗಿ ರಾಯಚೂರುಗಳಲ್ಲಿ ಬಿಸಿಲು 40 ದಾಟುತ್ತದೆ. ಹೋಮಕುಂಡದ ಪಕ್ಕದಲ್ಲಿ ಇನ್ನೂ ಹೆಚ್ಚು. ಕರಾವಳಿಯಲ್ಲಿ ತೊಂದರೆ ತಿರುಗುಮುರುಗು: ಎಸಿ ಕೋಣೆಯಿಂದ ಹೊರತಂದ ಲೆನ್ಸಿನ ಮೇಲೆ ಮಂಗಳೂರು, ಉಡುಪಿಯ ಸೆಕೆಗಾಳಿ ತಾಗುತ್ತಲೇ ಹನಿಗಟ್ಟಿ ಎಲ್ಲವೂ ಮಂಜು. ಚೀಲದಲ್ಲಿಟ್ಟು ಅರ್ಧ ಗಂಟೆ ಮೊದಲೇ ಅಂಗಳಕ್ಕೆ ತಂದಿಟ್ಟರೆ ಈ ಕಷ್ಟವೇ ಇಲ್ಲ. ಫೋನಿನಲ್ಲಿ ತೆಗೆಯುವವರು ಅದನ್ನು ಏರೋಪ್ಲೇನ್ ಮೋಡಿಗೆ ಹಾಕಲೇಬೇಕು. ಅಂತರಪಟ ಹಿಡಿದ ಹೊತ್ತಿಗೇ "ಛತ್ರ ಯಾವ ಕಡೆ ಬರುತ್ತೆ" ಎಂದು ಕೇಳುವ ನೆಂಟರ ಕರೆ ಬಂದು ರೆಕಾರ್ಡಿಂಗ್ ನಿಂತ ಮದುವೆಗಳು ಬೇಕಾದಷ್ಟಿವೆ.

ಎಲ್ಲಕ್ಕಿಂತ ಕ್ರೂರವಾದ ಅವಘಡ ಕರೆಂಟಿನದು, ಮತ್ತು ಅದೇ ಅತಿ ಕಡಿಮೆ ಜನರಿಗೆ ಗೊತ್ತಿರುವುದು. ಬ್ಯಾಟರಿಯ ಗೊಡವೆಯೇ ಬೇಡವೆಂದು ಕೆಲವರು ಕ್ಯಾಮೆರಾವನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುತ್ತಾರೆ. ಎಂಪಿ4 ಫೈಲಿನಲ್ಲಿ ಚಿತ್ರ ಮತ್ತು ಧ್ವನಿ ಬರೆಯುತ್ತಾ ಹೋಗಿ, ಯಾವುದು ಎಲ್ಲಿದೆ ಎಂಬ ಅನುಕ್ರಮಣಿಕೆಯನ್ನು ಸಾಮಾನ್ಯವಾಗಿ ಕ್ಯಾಮೆರಾ ಕೊನೆಗೆ, ನಿಲ್ಲಿಸುವ ಗುಂಡಿ ಒತ್ತಿದ ಮೇಲೆ ಬರೆಯುತ್ತದೆ. ಅಷ್ಟರೊಳಗೆ ಕರೆಂಟು ಹೋದರೆ ಅನುಕ್ರಮಣಿಕೆಯೇ ಇಲ್ಲ. ಇಪ್ಪತ್ತೆಂಟು ನಿಮಿಷದ ಚಿತ್ರ ಕಾರ್ಡಿನಲ್ಲಿ ಇದ್ದೂ ಇಲ್ಲದಂತೆ. ಯಾವ ಕಂಪ್ಯೂಟರೂ ಅದನ್ನು ತೆರೆಯುವುದಿಲ್ಲ. ಛತ್ರದ ಜನರೇಟರ್ ಹತ್ತಿಕೊಳ್ಳಲು ಬೇಕಾದ ಕೆಲವೇ ಸೆಕೆಂಡುಗಳಲ್ಲಿ ಇದು ಆಗಿಹೋಗುತ್ತದೆ. ದೀಪ ಮತ್ತೆ ಉರಿಯುತ್ತದೆ, ಜನ ಮಾತು ಮುಂದುವರಿಸುತ್ತಾರೆ, ಕಳೆದುಹೋದದ್ದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಕ್ಯಾಮೆರಾದೊಳಗೆ ತುಂಬಿದ ಬ್ಯಾಟರಿ ಇರಲೇಬೇಕು, ಹೊರಗಿನ ವಿದ್ಯುತ್ತು ಅದಕ್ಕೆ ಊರುಗೋಲು ಮಾತ್ರ ಆಗಬೇಕು. ಪ್ಲಗ್ಗಿಗಿಂತ ಪವರ್ ಬ್ಯಾಂಕ್ ಲೇಸು. ಚಿಕ್ಕ ತುಣುಕುಗಳಾಗಿ ತೆಗೆಯುವುದರ ಇನ್ನೊಂದು ಲಾಭವೂ ಇಲ್ಲೇ ಇದೆ. ಕೆಟ್ಟರೆ ಒಂದು ತುಣುಕು ಕೆಡುತ್ತದೆ, ಮದುವೆ ಕೆಡುವುದಿಲ್ಲ.

ಬೆಳಕಿನದು ಚಿಕ್ಕ ವಿಷಯ, ಆದರೆ ಇಡೀ ವಿಡಿಯೋ ಹಾಳುಮಾಡುವಂಥದು. ಭಾರತದ ವಿದ್ಯುತ್ತು 50 ಹರ್ಟ್ಸಿನದು. ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಆ ಮಿನುಗು ಕ್ಯಾಮೆರಾದಲ್ಲಿ ಮೇಲೆ ಕೆಳಗೆ ಹರಿಯುವ ಕಪ್ಪು ಪಟ್ಟಿಗಳಾಗಿ ಬರುತ್ತದೆ. ಷಟರ್ ವೇಗ 1/50 ಅಥವಾ 1/100 ಇಟ್ಟು, ಸೆಕೆಂಡಿಗೆ 25 ಚೌಕಟ್ಟಿನ ಆಯ್ಕೆ ಮಾಡಿಕೊಂಡರೆ ಅದು ಹೆಚ್ಚಾಗಿ ಮಾಯವಾಗುತ್ತದೆ. ಅಲಂಕಾರದ ಸೀರಿಯಲ್ ಸೆಟ್ಟು ಹಾಕಿದ ಮೇಲೆ ಹಿಂದಿನ ಸಂಜೆಯೇ ಒಂದು ನಿಮಿಷ ತೆಗೆದು ದೊಡ್ಡ ಪರದೆಯಲ್ಲಿ ನೋಡಬೇಕು. ವರಪೂಜೆಯ ಸಂಜೆ ಇದಕ್ಕೆಲ್ಲ ಪೂರ್ವಾಭ್ಯಾಸ. ಅದೇ ಮಂಟಪ, ಅದೇ ದೀಪ, ಅದೇ ವಾಲಗ.

ವಾಲಗದ ವಿಷಯವನ್ನು ಒಂದು ಗಳಿಗೆಯ ಮೂಲಕ ನೋಡುವುದು ಒಳ್ಳೆಯದು. ಪುರೋಹಿತರು ಸಣ್ಣ ದನಿಯಲ್ಲಿ ಮಂಗಳಾಷ್ಟಕ ಹೇಳುತ್ತಿದ್ದಾರೆ. ಇಬ್ಬರು ಸೋದರಮಾವಂದಿರು ಅಂತರಪಟ ಹಿಡಿದಿದ್ದಾರೆ. ಅದರ ಮೇಲೆ ಬರೆದ ಕುಂಕುಮದ ಸ್ವಸ್ತಿಕ ನಡುಗುತ್ತಿದೆ. ಎರಡೂ ಕಡೆ ಬೊಗಸೆಯಲ್ಲಿ ಜೀರಿಗೆ ಬೆಲ್ಲ. ಕ್ಯಾಮೆರಾದ ಸ್ವಯಂಚಾಲಿತ ಮೈಕು ಆ ಸಣ್ಣ ದನಿಗೆ ಹೊಂದಿಕೊಂಡು ತನ್ನ ಗ್ರಹಣಶಕ್ತಿಯನ್ನು ಪೂರ್ತಿ ಏರಿಸಿಕೊಂಡಿದೆ. ಅಷ್ಟರಲ್ಲಿ ಪುರೋಹಿತರ ಕೈ ಮೇಲೇಳುತ್ತದೆ, "ಗಟ್ಟಿಮೇಳ, ಗಟ್ಟಿಮೇಳ!" ನಾದಸ್ವರ, ಡೋಲು ಒಟ್ಟಿಗೆ ಸ್ಫೋಟಿಸುತ್ತವೆ. ಆ ಕ್ಷಣದಿಂದ ವಿಡಿಯೋದಲ್ಲಿ ಇರುವುದು ಬರೀ ಗರಗರ. ಹೀಗೆ ಮಿತಿ ಮೀರಿ ಒಡೆದ ಧ್ವನಿಯ ತುದಿಗಳು ದಾಖಲಾಗಿಯೇ ಇರುವುದಿಲ್ಲ. ಆಮೇಲೆ ಶಬ್ದ ತಗ್ಗಿಸಿದರೆ ಗರಗರವೇ ಸಣ್ಣದಾಗಿ ಕೇಳುತ್ತದೆ. ಇದೇ ಕ್ಷಣಕ್ಕೆ ಕುಳಿತಿದ್ದ ಮುನ್ನೂರು ಜನ ಒಟ್ಟಿಗೆ ಎದ್ದು ನಿಲ್ಲುತ್ತಾರೆ, ಮುಂದಕ್ಕೆ ನುಗ್ಗುತ್ತಾರೆ, ಅಕ್ಷತೆಯ ಕೈ ಮೇಲೇಳುತ್ತದೆ. ಕುಳಿತವರ ತಲೆಯ ಮಟ್ಟಕ್ಕೆ ಸ್ಟ್ಯಾಂಡ್ ಹಾಕಿದ್ದ ಕ್ಯಾಮೆರಾದ ಮುಂದೆ ಈಗ ಒಂದು ರೇಷ್ಮೆ ಸೀರೆಯ ಬೆನ್ನು. ಸ್ವಯಂಚಾಲಿತ ಫೋಕಸ್ಸು ಗಾಳಿಯಲ್ಲಿ ಹಾರುವ ಅಕ್ಕಿಕಾಳನ್ನು ಹಿಡಿಯಲು ಹೋಗಿ ವಧೂವರರನ್ನು ಬಿಟ್ಟುಬಿಡುತ್ತದೆ.

ಹದಿನೈದು ಸೆಕೆಂಡಿನಲ್ಲಿ ಮೂರು ಅವಘಡಗಳು, ಮೂರೂ ಪ್ರತಿ ಮದುವೆಯಲ್ಲಿ ಆಗುವಂಥವು. ಗಟ್ಟಿಮೇಳ ಬರುತ್ತದೆಂದು ಯಾರಿಗೆ ಗೊತ್ತಿಲ್ಲ? ಜನ ಏಳುತ್ತಾರೆಂದು ಯಾರಿಗೆ ಗೊತ್ತಿಲ್ಲ? ಗೊತ್ತಿರುವುದಕ್ಕೆ ಸಿದ್ಧವಾಗದಿರುವುದನ್ನು ದುರದೃಷ್ಟ ಎಂದು ಕರೆಯುವುದು ಸರಿಯಲ್ಲ. ಧ್ವನಿಯ ಮಟ್ಟವನ್ನು ಸ್ವಯಂಚಾಲಿತದಿಂದ ಬಿಡಿಸಿ, ವಾಲಗದವರು ಬೆಳಿಗ್ಗೆ ಬಾರಿಸುವಾಗಲೇ ಗಟ್ಟಿ ಬಾರಿಸಲು ಕೇಳಿಕೊಂಡು, ಮಾಪಕದ ತುದಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಇಡಬೇಕು. ಹಳೆಯ ಫೋನೊಂದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಧ್ವನಿಮುದ್ರಣ ಶುರುಮಾಡಿ, ಪುರೋಹಿತರ ಮಣೆಯ ಪಕ್ಕದಲ್ಲಿ ಇಟ್ಟರೆ ಮಂತ್ರ ಬೇರೆಯಾಗಿ ಸಿಗುತ್ತದೆ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎರಡನ್ನೂ ಹೊಂದಿಸುವುದು ಸುಲಭ. ಸ್ಟ್ಯಾಂಡನ್ನು ನಿಂತವರ ತಲೆಗಿಂತ ಮೇಲಕ್ಕೆ, ಮಂಟಪದ ಎದುರು ಬಿಟ್ಟು ಪಕ್ಕಕ್ಕೆ ಹಾಕಬೇಕು. ಮಂಟಪದ ಕಂಬಕ್ಕೆ ಇನ್ನೊಂದು ಫೋನನ್ನು ಕಟ್ಟಿ ಬಿಟ್ಟರೆ, ಕೈಯಲ್ಲಿರುವ ಕ್ಯಾಮೆರಾ ಏನೇ ಆದರೂ ಆ ಒಂದು ಕೋನ ಉಳಿಯುತ್ತದೆ. ಫೋಕಸ್ಸನ್ನು ಮೊದಲೇ ಬೀಗ ಹಾಕಿಡಬೇಕು. ಫೋನಿನ ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಅಷ್ಟೇ. ಕೆಂಪು ಚುಕ್ಕೆ ಮಿನುಗುತ್ತಿದೆಯೇ, ಸೆಕೆಂಡಿನ ಅಂಕಿ ಓಡುತ್ತಿದೆಯೇ ಎಂದು ಪ್ರತಿ ಸಲವೂ ಕಣ್ಣಿಟ್ಟು ನೋಡಬೇಕು. ಒಂದು ಸಲ ತಪ್ಪಿ ಎರಡು ಬಾರಿ ಒತ್ತಿದರೆ ಅಲ್ಲಿಂದ ಎಲ್ಲವೂ ತಿರುಗುಮುರುಗು: ನಡೆಯುವಾಗಿನ ಕಾಲುಗಳು, ಜಮಖಾನೆ ದಾಖಲಾಗುತ್ತವೆ, ಶಾಸ್ತ್ರಗಳು ದಾಖಲಾಗುವುದಿಲ್ಲ. ತುಪ್ಪದ ಹೊಗೆಗೆ ಲೆನ್ಸು ಜಿಡ್ಡುಗಟ್ಟುತ್ತದೆ, ಅದಕ್ಕೆ ಕಿಸೆಯಲ್ಲಿ ಒಂದು ಮೆತ್ತನೆಯ ಬಟ್ಟೆ.

ಇಷ್ಟೆಲ್ಲ ಯಾಕೆ, ಮುನ್ನೂರು ಜನರ ಕೈಯಲ್ಲಿ ಮುನ್ನೂರು ಫೋನು ಇಲ್ಲವೇ ಎಂಬ ವಾದ ಕೇಳಲು ಬಲವಾಗಿದೆ. ಆದರೆ ಆ ಮುನ್ನೂರು ಫೋನುಗಳೂ ಮೇಲೇಳುವುದು ಒಂದೇ ಹದಿನೈದು ಸೆಕೆಂಡಿಗೆ, ಒಂದೇ ದಿಕ್ಕಿನಿಂದ, ಒಬ್ಬರ ಹಿಂದೆ ಒಬ್ಬರು. ಧಾರೆ ಎರೆಯುವಾಗ ನಡುಗುವ ಅಪ್ಪನ ಕೈ, ಕಂಬಕ್ಕೆ ಒರಗಿ ಕಣ್ಣೊರೆಸಿಕೊಳ್ಳುವ ಅಜ್ಜಿ, ಕಾಶಿಯಾತ್ರೆಯ ಕೊಡೆ ಹಿಡಿದು ನಿಂತ ಭಾವಮೈದುನ ಅವುಗಳಲ್ಲಿ ಯಾವುದರಲ್ಲೂ ಇರುವುದಿಲ್ಲ. ಇದ್ದದ್ದಾದರೂ ಕೈಗೆ ಸೇರುತ್ತದೆಯೇ? ವಾಟ್ಸಾಪಿನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಹಿಂಡಿ ಸಣ್ಣದಾಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲದಂತೆಯೇ ಬರುತ್ತದೆ, 2022ರಿಂದ ಅದಕ್ಕೆ 2 ಜಿಬಿಯವರೆಗೆ ಅವಕಾಶವಿದೆ. ಹಾಗೆ ಕಳಿಸಲು ನೆಂಟರಿಗೆ ಯಾರು ಹೇಳಿಕೊಡುತ್ತಾರೆ? "ಕಳಿಸ್ತೀನಿ" ಎಂದವರು ತಿಂಗಳಾದ ಮೇಲೆ ಫೋನು ತುಂಬಿತೆಂದು ಅಳಿಸಿರುತ್ತಾರೆ. ಎಲ್ಲರದೂ ಆದ ಕೆಲಸ ಯಾರದೂ ಅಲ್ಲ.

ಹವ್ಯಾಸಿಯನ್ನು ಯಾರು ಕೇಳುತ್ತಾರೆ ಎಂಬ ಮಾತು ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಕೇಳುವವರಿಲ್ಲ ಎಂಬುದೇ ಹೆಚ್ಚು ಸಿದ್ಧತೆಗೆ ಕಾರಣವಾಗಬೇಕು. ಕಸುಬಿನವರು ಎರಡು ಕ್ಯಾಮೆರಾ, ಒಬ್ಬ ಸಹಾಯಕ, ನೂರು ಮದುವೆಯ ಅನುಭವ ಹೊತ್ತು ಬರುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು. ಹವ್ಯಾಸಿಗೆ ಇರುವುದು ಒಂದು ಕ್ಯಾಮೆರಾ, ಎರಡು ಕೈ, ಮೇಲೆ ನೆಂಟಸ್ತಿಕೆ. ಈ ನೆಂಟಸ್ತಿಕೆಯೇ ದೊಡ್ಡ ಅಪಾಯ. ಸ್ಟ್ಯಾಂಡ್ ಹಾಕಿ ನಿಂತ ತಮ್ಮನನ್ನು ಚಿಕ್ಕಮ್ಮ ಕರೆಯುತ್ತಾರೆ: "ಲೋ, ಆ ಆರತಿ ತಟ್ಟೆ ಇಲ್ಲಿ ಕೊಡೋ." ಬೀಗರು ಬಂದರೆಂದು ಎದ್ದು ಹೋಗಬೇಕು, ಊಟಕ್ಕೆ ಏಳಿಸಬೇಕು, ಮರೆತ ಕಾಲುಂಗುರಕ್ಕೆ ಕೋಣೆಗೆ ಓಡಬೇಕು. ಒಲ್ಲೆ ಎಂದರೆ ಅಹಂಕಾರ, ಹೋದರೆ ಲಾಜಹೋಮ ತಪ್ಪಿತು. ಇದನ್ನು ಯಾವ ಬೆಲೆಯ ಕ್ಯಾಮೆರಾವೂ ಪರಿಹರಿಸದು; ಮದುವೆಗೆ ವಾರ ಇರುವಾಗಲೇ ಮನೆಯವರೆಲ್ಲ ಕೂತು, ಮುಹೂರ್ತದ ಆಚೀಚೆ ಎರಡು ಗಂಟೆ ಈ ಹುಡುಗನಿಗೆ ಅಥವಾ ಹುಡುಗಿಗೆ ಬೇರೆ ಕೆಲಸ ಹೇಳಬಾರದೆಂದು ಮಾತಾಡಿಕೊಳ್ಳುವುದೊಂದೇ ದಾರಿ. ಉಗ್ರಾಣದವರನ್ನು ಯಾರೂ ಬಡಿಸಲು ಕರೆಯುವುದಿಲ್ಲವಲ್ಲ, ಹಾಗೆ. ಬಿಡಿ ಬ್ಯಾಟರಿ, ಬಿಡಿ ಕಾರ್ಡು ಹಿಡಿದು ಪಕ್ಕದಲ್ಲಿ ನಿಲ್ಲಲು ಹೈಸ್ಕೂಲಿನ ಒಂದು ಮಗುವನ್ನು ಜೊತೆ ಮಾಡಿದರೆ ಇನ್ನೂ ಒಳ್ಳೆಯದು.

ಪುರೋಹಿತರ ಬಳಿಯೂ ಹಿಂದಿನ ದಿನವೇ ಕೇಳಬೇಕು: ಯಾವ ಶಾಸ್ತ್ರ ಯಾವುದರ ಮುಂದೆ, ಎಲ್ಲಿ ನಿಂತರೆ ಅವರಿಗೆ ಅಡ್ಡಿಯಾಗದು, ಅಗ್ನಿಯ ಯಾವ ಬದಿಗೆ ಹೋಗಬಾರದು. ಪದ್ಧತಿ ಮನೆಯಿಂದ ಮನೆಗೆ ಬೇರೆ, ಆದ್ದರಿಂದ ಇನ್ನೊಂದು ಮದುವೆಯ ನೆನಪು ಇಲ್ಲಿ ನಡೆಯದು. ಕರೆಸಿದ ಛಾಯಾಗ್ರಾಹಕರು ಇದ್ದರೆ ಅವರ ಜಾಗ ಮೊದಲೇ ತಿಳಿದುಕೊಂಡು ಹವ್ಯಾಸಿ ಬೇರೆ ಕೋನ ಹಿಡಿಯಬೇಕು. ಅವರ ದಾರಿಗೆ ಅಡ್ಡ ನಿಂತು ಎರಡನ್ನೂ ಕೆಡಿಸಬಾರದು.

"ಎಡಿಟಿಂಗಿನಲ್ಲಿ ಸರಿಮಾಡಿದರಾಯಿತು" ಎಂಬ ಸಮಾಧಾನಕ್ಕೆ ಹೆಚ್ಚು ಮಾತು ಬೇಡ. ಎಡಿಟಿಂಗು ಇದ್ದುದನ್ನು ಜೋಡಿಸುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಕತ್ತಲೆಯನ್ನು ತುಸು ಬೆಳಗಿಸಬಹುದು, ಅಲುಗಾಟವನ್ನು ತುಸು ತಗ್ಗಿಸಬಹುದು. ಬೆನ್ನನ್ನು ಸರಿಸಲಾಗದು.

ಮದುವೆ ಮುಗಿದರೂ ಅವಘಡದ ಕಾಲ ಮುಗಿಯುವುದಿಲ್ಲ. ತೊಂಬತ್ತರ ದಶಕದಲ್ಲಿ ದುಡ್ಡು ಕೊಟ್ಟು ಮಾಡಿಸಿದ ವಿಎಚ್‌ಎಸ್ ಕ್ಯಾಸೆಟ್ಟುಗಳು ಇಂದು ಎಷ್ಟೋ ಮನೆಗಳ ಬೀರುವಿನಲ್ಲಿ, ಟೇಪಿನ ಮೇಲೆ ಬಿಳಿ ಬೂಸಲು ಹತ್ತಿ ಕೂತಿವೆ. ಮಲೆನಾಡಿನ ಒಂದೊಂದು ಮಳೆಗಾಲವೂ ಅವನ್ನು ಇಷ್ಟಿಷ್ಟೇ ತಿಂದಿದೆ. ಹಾಕಿ ನೋಡೋಣವೆಂದರೆ ವಿಸಿಆರ್ ಇಲ್ಲ. ಅದನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಡಿಜಿಟಲ್ ಫೈಲಿಗೆ ಬೂಸಲು ಹತ್ತುವುದಿಲ್ಲ, ಆದರೆ ಅದು ಹೋಗುವಾಗ ಒಂದು ಕ್ಷಣದಲ್ಲಿ ಪೂರ್ತಿ ಹೋಗುತ್ತದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ಎಂಬ ನಿಯಮ ಇಲ್ಲಿಗೆ ತಕ್ಕದ್ದು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಮನೆಯಲ್ಲಿ. ಮದುವೆಯ ಮಟ್ಟಿಗೆ ಆ ಬೇರೆ ಮನೆ ತಾನಾಗಿಯೇ ಒದಗಿದೆ, ಹೆಣ್ಣಿನ ತವರು ಒಂದು, ಗಂಡಿನ ಮನೆ ಒಂದು. ಛತ್ರ ಖಾಲಿ ಮಾಡುವ ಗಡಿಬಿಡಿಯಲ್ಲಿ ಕಾರ್ಡುಗಳು ಕುಂಕುಮದ ಬಟ್ಟಲಿನ ಜೊತೆ ಯಾವುದೋ ಚೀಲ ಸೇರದಂತೆ, ತುಂಬಿದ ಕೂಡಲೇ ಬೇರೆ ಡಬ್ಬಿಗೆ ಹಾಕಿ ಒಬ್ಬರ ಕೈಗೆ ಒಪ್ಪಿಸಬೇಕು. ಎಸ್‌ಡಿ ಕಾರ್ಡಿನ ಬದಿಯ ಪುಟ್ಟ ಬೀಗವನ್ನು ಕೆಳಕ್ಕೆ ಜಾರಿಸಿದರೆ ಅದರ ಮೇಲೆ ತಪ್ಪಿ ಬರೆಯುವ ಭಯವಿಲ್ಲ.

ಅಷ್ಟಾಗಿಯೂ ಫೈಲು ತೆರೆಯದಿದ್ದರೆ, ಅಥವಾ ಯಾರೋ ಅಳಿಸಿಬಿಟ್ಟಿದ್ದರೆ, ಆ ಕಾರ್ಡಿಗೆ ಇನ್ನೇನನ್ನೂ ಬರೆಯದೆ ಹೊರತೆಗೆದಿಡಬೇಕು. ಅಳಿಸಿದ್ದು ಹೊಸ ಬರಹ ಮೇಲೆ ಬೀಳುವವರೆಗೆ ಅಲ್ಲೇ ಇರುತ್ತದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಅಂಥದ್ದನ್ನು ಹುಡುಕಿಕೊಡಬಲ್ಲದು. ಅನುಕ್ರಮಣಿಕೆ ತಪ್ಪಿದ ಎಂಪಿ4 ಫೈಲನ್ನು ಅನ್‌ಟ್ರಂಕ್ ಎಂಬ ತಂತ್ರಾಂಶ, ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಸರಿಯಾದ ಫೈಲೊಂದನ್ನು ಮಾದರಿಯಾಗಿ ಕೊಟ್ಟರೆ, ಎಷ್ಟೋ ಸಲ ಮತ್ತೆ ಕಟ್ಟಿಕೊಡುತ್ತದೆ. ವರಪೂಜೆಯ ಸಂಜೆ ಪರೀಕ್ಷೆಗೆಂದು ತೆಗೆದ ಒಂದು ನಿಮಿಷದ ತುಣುಕು ಈ ಕೆಲಸಕ್ಕೆ ಒದಗುತ್ತದೆ, ಅದನ್ನು ಅಳಿಸಬಾರದು. ಮೂರೂ ಪ್ರತಿಗಳನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಓಡಿಸಿ ನೋಡಿದ ಮೇಲೆಯೇ ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡಬಹುದು.